ಕಾಲರಾ ತಡೆಯಲು ಹೊರಟ ವೈರಸ್

1865ರ ಹಜ್ಜ್ ಸಂದರ್ಭದಲ್ಲಿ ಮಕ್ಕಾದಲ್ಲಿ ಕಾಲರಾ ಹಬ್ಬಿ ಸಾವಿರಾರು ಯಾತ್ರಿಕರು ಮೃತಪಟ್ಟರು. ಊರಿಗೆ ಮರಳಿದವರೊಂದಿಗೆ ರೋಗವು ಈಜಿಪ್ಟಿಗೂ ಅಲ್ಲಿಂದ ಯುರೋಪಿಗೂ ಹೋಯಿತು. ಮರುವರ್ಷ ಯುರೋಪಿನ ರಾಷ್ಟ್ರಗಳು ಇಸ್ತಾಂಬುಲ್‌ನಲ್ಲಿ ಸಭೆ ಸೇರಿದವು. ಅಂದಿನಿಂದ ಅವರ ಕಣ್ಣಿಗೆ ಹಜ್ಜ್ ಯಾತ್ರಿಕನೆಂದರೆ ರೋಗ ಹೊತ್ತು ತರುವವನು. ಯಾತ್ರಿಕರ ಹಡಗುಗಳನ್ನು ತಡೆದು ತಪಾಸಣೆ ಮಾಡುವುದು, ಅನುಮಾನ ಬಂದರೆ ಬೇರೆಯಾಗಿ ಕೂಡಿಹಾಕುವುದು ದಶಕಗಳ ಕಾಲ ನಡೆಯಿತು. ಇದನ್ನು ನೋಡಿಕೊಳ್ಳುತ್ತಿದ್ದ ಅಲೆಕ್ಸಾಂಡ್ರಿಯಾದ ಆರೋಗ್ಯ ಮಂಡಳಿಯಲ್ಲಿ 1920ರ ದಶಕದಲ್ಲಿ ಕೆಲಸಕ್ಕಿದ್ದವರು ಫೆಲಿಕ್ಸ್ ಡಿ ಹೆರೆಲ್. ಜನರನ್ನು ಕೂಡಿಹಾಕುವ ಬದಲು ರೋಗಾಣುವನ್ನೇ ಕೊಲ್ಲುವ ಒಂದು ಸಾಧನ ಅವರ ಕೈಯಲ್ಲಿತ್ತು.

ಅದೇ ಬ್ಯಾಕ್ಟೀರಿಯೋಫೇಜ್. ಬ್ಯಾಕ್ಟೀರಿಯಾವನ್ನು ತಿನ್ನುವುದು ಎಂದು ಅದರ ಅರ್ಥ. ವಾಸ್ತವದಲ್ಲಿ ಅದು ತಿನ್ನುವುದಿಲ್ಲ. ಅದೊಂದು ವೈರಸ್. ಬ್ಯಾಕ್ಟೀರಿಯಾಕ್ಕೆ ಅಂಟಿಕೊಂಡು ತನ್ನ ವಂಶವಾಹಿಯನ್ನು ಒಳಗೆ ತೂರಿಸುತ್ತದೆ, ಅಲ್ಲೇ ತನ್ನಂತಹ ಹತ್ತಾರು, ನೂರಾರು ಪ್ರತಿಗಳನ್ನು ಮಾಡಿಸಿಕೊಂಡು ಕೊನೆಗೆ ಬ್ಯಾಕ್ಟೀರಿಯಾವನ್ನು ಒಡೆದು ಹೊರಬರುತ್ತದೆ. ಮನುಷ್ಯನ ಜೀವಕೋಶಗಳಿಗೆ ಅದು ದಾಳಿ ಮಾಡುವುದಿಲ್ಲ. 1915ರಲ್ಲಿ ಲಂಡನ್ನಿನ ಟ್ವಾರ್ಟ್ ಇದರ ಸುಳಿವು ನೀಡಿದ್ದರು. 1917ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದ ಡಿ ಹೆರೆಲ್ ಇದನ್ನು ಸ್ವತಂತ್ರವಾಗಿ ಕಂಡುಹಿಡಿದು ಹೆಸರಿಟ್ಟರು. ಆಮಶಂಕೆಯಿಂದ ಗುಣಮುಖರಾಗುತ್ತಿದ್ದ ರೋಗಿಗಳ ಮಲದಲ್ಲಿ ಅವರಿಗೆ ಅದು ದೊರೆತಿತ್ತು. 1919ರಲ್ಲಿ ಆಮಶಂಕೆಯ ಮಗುವೊಂದಕ್ಕೆ ಕೊಡುವ ಮುನ್ನ ಅವರು ತಾವೇ ಕುಡಿದು ನೋಡಿದ್ದರು. 1925ರಲ್ಲಿ ಸೂಯೆಜ್ ಕಾಲುವೆಗೆ ಬಂದ ಹಡಗೊಂದರಲ್ಲಿ ಪ್ಲೇಗ್ ತಗಲಿದ್ದ ನಾಲ್ವರಿಗೆ ಫೇಜ್ ಚುಚ್ಚಿದರು. ನಾಲ್ವರೂ ಬದುಕಿದರು.

ಈ ಸುದ್ದಿಯೇ ಅವರನ್ನು ಭಾರತಕ್ಕೆ ಕರೆತಂದಿತು. ಬ್ರಿಟಿಷ್ ಸರಕಾರದ ಆಹ್ವಾನದ ಮೇರೆಗೆ ಮೊದಲು ಮುಂಬಯಿಯ ಹಾಫ್ಕಿನ್ ಸಂಸ್ಥೆಗೆ, ಬಳಿಕ 1927ರಲ್ಲಿ ಕಾಲರಾದ ಅಧ್ಯಯನಕ್ಕಾಗಿ ಬಂದರು. ಕಲ್ಕತ್ತಾದ ಕ್ಯಾಂಪ್‌ಬೆಲ್ ಆಸ್ಪತ್ರೆಯಲ್ಲಿ ರೋಗಿಗಳಿಗೆ ಫೇಜ್ ಕುಡಿಸಿದರು. ಆದರೆ ನಮಗೆ ಹೆಚ್ಚು ಮುಖ್ಯವೆನಿಸುವುದು ಪಂಜಾಬಿನ ಹಳ್ಳಿಗಳಲ್ಲಿ ಮಾಡಿದ ಕೆಲಸ. ಅಲ್ಲಿ ಅವರು ಫೇಜನ್ನು ಊರ ಬಾವಿಗೇ ಸುರಿದರು. ಹೀಗೆ ಮಾಡಿದಲ್ಲಿ ಸುಮಾರು ಎರಡು ದಿನಗಳಲ್ಲಿ ರೋಗ ನಿಂತಿತೆಂದು ಅವರು ವರದಿ ಮಾಡಿದರು. ಡಿ ಹೆರೆಲ್ ಸ್ವಭಾವತಃ ಆತುರದ, ಹೆಚ್ಚು ಆಶಾವಾದಿ ಮನುಷ್ಯ. ಆದ್ದರಿಂದ ಅವರ ಲೆಕ್ಕವನ್ನು ಸ್ವಲ್ಪ ಎಚ್ಚರದಿಂದಲೇ ಓದಬೇಕು.

ಅವರು ಹೋದ ಮೇಲೂ ಸರಕಾರ ಈ ವಿಚಾರವನ್ನು ಕೈಬಿಡಲಿಲ್ಲ. ಪಾಟ್ನಾದಲ್ಲಿ ಆಶೆಷೊವ್ ಎಂಬ ವಿಜ್ಞಾನಿಗೆ ಫೇಜ್ ಸಂಶೋಧನೆಯ ಹೊಣೆ ಕೊಡಲಾಯಿತು. ಶಿಲ್ಲಾಂಗ್‌ನ ಪಾಶ್ಚರ್ ಸಂಸ್ಥೆಯ ಮಾರಿಸನ್ ಅಸ್ಸಾಮಿನ ಎರಡು ಸೀಮೆಗಳನ್ನು ಆರಿಸಿಕೊಂಡರು. ಒಂದು ನೌಗಾಂವ್, ಇನ್ನೊಂದು ಇಂದು ಬಾಂಗ್ಲಾದೇಶದಲ್ಲಿರುವ ಹಬಿಗಂಜ್. ನೌಗಾಂವ್‌ನ ಊರ ಮುಖ್ಯಸ್ಥರ ಮನೆಗಳಿಗೆ ಫೇಜ್ ಸೀಸೆಗಳನ್ನು ತಲುಪಿಸಲಾಯಿತು. ಯಾರಿಗಾದರೂ ವಾಂತಿಭೇದಿ ಶುರುವಾದರೆ ವೈದ್ಯರಿಗೆ ಕಾಯದೆ ಕೂಡಲೇ ಕುಡಿಸಬೇಕು. ಹಬಿಗಂಜ್‌ಗೆ ಫೇಜ್ ಇಲ್ಲ. ರೋಗಿಯನ್ನು ಬದುಕಿಸುವುದರ ಜೊತೆಗೆ, ಅವನಿಂದ ಮನೆಯ ಇತರರಿಗೆ, ಕೆರೆಗೆ, ಬಾವಿಗೆ ರೋಗಾಣು ಹೋಗದಂತೆ ತಡೆಯುವುದು ಇದರ ಉದ್ದೇಶ. ಆಸ್ಪತ್ರೆಯೇ ಕಾಣದ ಹಳ್ಳಿಗೆ ಇದಕ್ಕಿಂತ ಅಗ್ಗದ ವ್ಯವಸ್ಥೆ ಇರಲಿಲ್ಲ.

ಮುಂದಿನ ವರ್ಷಗಳಲ್ಲಿ ನೌಗಾಂವ್‌ನಲ್ಲಿ ಕಾಲರಾ ತಗ್ಗಿತು. ಹಬಿಗಂಜ್‌ನಲ್ಲಿ ಮುಂದುವರಿಯಿತು. ಕೊನೆಗೆ ಹಬಿಗಂಜ್‌ಗೂ ಫೇಜ್ ಕೊಡಲಾಯಿತು. ಇಷ್ಟಾದರೂ ತಜ್ಞರಿಗೆ ಸಮಾಧಾನವಾಗಲಿಲ್ಲ. ಕಾಲರಾ ಯಾರ ಸಹಾಯವೂ ಇಲ್ಲದೆ ಏರುತ್ತದೆ, ತಾನಾಗಿಯೇ ಇಳಿಯುತ್ತದೆ. ಇಳಿದದ್ದು ಫೇಜ್‌ನಿಂದಲೇ ಎಂದು ಹೇಳುವುದು ಹೇಗೆ? ಈ ಆಕ್ಷೇಪ ನ್ಯಾಯವಾದದ್ದೇ. ರೋಗ ಗುಣವಾದರೆ ಕಣ್ಣಿಗೆ ಕಾಣುತ್ತದೆ, ಬರಬೇಕಿದ್ದ ರೋಗ ಬರಲಿಲ್ಲವೆಂಬುದು ಯಾರಿಗೂ ಕಾಣುವುದಿಲ್ಲ. ಹಾಗೆಂದು ಇನ್ನೂ ಗಟ್ಟಿಯಾದ ಪ್ರಯೋಗವನ್ನು ಮಾಡಬೇಕಿತ್ತೇ ಹೊರತು ವಿಷಯವನ್ನೇ ಮರೆಯಬೇಕಿರಲಿಲ್ಲ ಎಂಬುದು ನಮ್ಮ ಅಭಿಪ್ರಾಯ. 1930ರ ದಶಕದ ಮಧ್ಯದಲ್ಲಿ ಈ ಕೆಲಸ ನಿಂತುಹೋಯಿತು. 1934ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದ ವಿಮರ್ಶೆಯೂ ಫೇಜ್ ಚಿಕಿತ್ಸೆಯನ್ನು ಸಂಶಯದಿಂದಲೇ ಕಂಡಿತ್ತು. ಬಳಿಕ ಪೆನಿಸಿಲಿನ್ ಬಂತು. ಹಬಿಗಂಜ್‌ನ ಜನರು ಫೇಜ್ ಇಲ್ಲದೆ ಕಳೆದ ವರ್ಷಗಳಿಂದ ದೊರೆತ ಪಾಠ ಕಡತದಲ್ಲಿ ಉಳಿಯಿತು.

ಬೇಕಿದ್ದ ಗಟ್ಟಿ ಪ್ರಯೋಗ ನಡೆದದ್ದು ಜಾರ್ಜಿಯಾದ ರಾಜಧಾನಿ ತ್ಬಿಲಿಸಿಯಲ್ಲಿ. ಅಲ್ಲಿ ಜಾರ್ಜ್ ಎಲಿಯಾವ ಎಂಬ ವಿಜ್ಞಾನಿ 1923ರಲ್ಲಿ ಒಂದು ಸಂಸ್ಥೆ ಕಟ್ಟಿದ್ದರು. ಪ್ಯಾರಿಸ್ಸಿನಲ್ಲಿ ಡಿ ಹೆರೆಲ್‌ರ ಸ್ನೇಹ ಸಂಪಾದಿಸಿ, ಅವರನ್ನು ತನ್ನ ಊರಿಗೂ ಕರೆಸಿಕೊಂಡಿದ್ದರು. 1937ರಲ್ಲಿ ಸ್ಟಾಲಿನ್ ಆಡಳಿತ ಎಲಿಯಾವರನ್ನು ಗುಂಡಿಕ್ಕಿ ಕೊಂದಿತು. ಡಿ ಹೆರೆಲ್ ಮತ್ತೆ ಅತ್ತ ಹೋಗಲಿಲ್ಲ. ಕಟ್ಟಿದವನನ್ನು ಕೊಂದ ಅದೇ ಆಡಳಿತ ಸಂಸ್ಥೆಯನ್ನು ಮಾತ್ರ ಬೆಳೆಸಿತು!

1963-64ರಲ್ಲಿ ಆ ನಗರದ ಆರು ತಿಂಗಳಿನಿಂದ ಏಳು ವರ್ಷದವರೆಗಿನ 30,769 ಮಕ್ಕಳನ್ನು ಆರಿಸಿಕೊಳ್ಳಲಾಯಿತು. ಆಮಶಂಕೆಗೆ ಬೇಗ ಬಲಿಯಾಗುವ ವಯಸ್ಸದು. ಬೀದಿಯ ಒಂದು ಬದಿಯ ಮನೆಗಳ 17,044 ಮಕ್ಕಳಿಗೆ ಆಮಶಂಕೆಯ ರೋಗಾಣುವನ್ನು ಕೊಲ್ಲುವ ಫೇಜ್ ಕೊಟ್ಟರು. ಎದುರು ಬದಿಯ 13,725 ಮಕ್ಕಳಿಗೆ ಕೊಡಲಿಲ್ಲ. ನರ್ಸ್‌ಗಳು ವಾರಕ್ಕೊಮ್ಮೆ ಮನೆಮನೆಗೆ ಹೋಗಿ ವಿಚಾರಿಸುತ್ತಿದ್ದರು. ಅದೇ ಬೀದಿ, ಅದೇ ನೀರು, ಅದೇ ಋತು. ಆದ್ದರಿಂದ ರೋಗ ತಾನಾಗಿ ಇಳಿಯಿತೆಂಬ ಆಕ್ಷೇಪ ಇಲ್ಲಿ ನಿಲ್ಲುವುದಿಲ್ಲ. 109 ದಿನಗಳ ಬಳಿಕ ಲೆಕ್ಕ ಹಾಕಿದಾಗ ಫೇಜ್ ಪಡೆದವರಲ್ಲಿ ಸಾವಿರಕ್ಕೆ 1.76 ಮಕ್ಕಳಿಗೆ, ಪಡೆಯದವರಲ್ಲಿ ಸಾವಿರಕ್ಕೆ 6.7 ಮಕ್ಕಳಿಗೆ ಆಮಶಂಕೆ ಬಂದಿತ್ತು. ಮಲ ಪರೀಕ್ಷೆಯಲ್ಲಿ ದೃಢಪಟ್ಟ ಪ್ರಕರಣಗಳನ್ನಷ್ಟೇ ಎಣಿಸಿದರೆ ಅಂತರ ಕಡಿಮೆ. ಆದರೂ ಎರಡೂವರೆ ಪಟ್ಟಿಗಿಂತ ಹೆಚ್ಚು. ರಷ್ಯನ್ ಭಾಷೆಯಲ್ಲಿದ್ದ ಈ ಅಧ್ಯಯನ ಪಶ್ಚಿಮದ ವೈದ್ಯರ ಗಮನಕ್ಕೆ ಬರಲು ದಶಕಗಳೇ ಹಿಡಿದವು.

ಫೇಜ್‌ಗೂ ಮಿತಿಗಳಿವೆ. ಕಾಲರಾದ ಫೇಜ್ ಆಮಶಂಕೆಗೆ ಆಗದು. ಬೇಟೆ ಸಿಗದಿದ್ದರೆ ಅದು ಹೆಚ್ಚು ದಿನ ಹೊಟ್ಟೆಯಲ್ಲಿ ಉಳಿಯುವುದೂ ಇಲ್ಲ, ಮತ್ತೆ ಮತ್ತೆ ಕೊಡಬೇಕು. ಬ್ಯಾಕ್ಟೀರಿಯಾ ತನ್ನ ರೂಪ ಬದಲಿಸಿ ತಪ್ಪಿಸಿಕೊಳ್ಳಲೂಬಹುದು. ಇಂದು ಕಾಲರಾಕ್ಕೆ ಉಪ್ಪು, ಸಕ್ಕರೆಯ ದ್ರಾವಣವಿದೆ, ಬಾಯಿಗೆ ಹಾಕುವ ಲಸಿಕೆಯಿದೆ, ಎಲ್ಲಕ್ಕಿಂತ ಮಿಗಿಲಾಗಿ ಶುದ್ಧ ನೀರು ಬೇಕೆಂಬ ಅರಿವಿದೆ. ಹಾಗಾದರೆ ಫೇಜ್ ಯಾರಿಗೆ ಬೇಕು?

ಲಸಿಕೆ ಫಲ ಕೊಡಲು ದಿನಗಳು ಹಿಡಿಯುತ್ತವೆ. ರೋಗಿಯ ಮನೆಯವರಿಗೆ ಸೋಂಕು ತಗಲುವುದು ಅಷ್ಟರೊಳಗೇ. ಢಾಕಾದ ಕಾಲರಾ ರೋಗಿಗಳ ಮಲದಿಂದ ಪ್ರತ್ಯೇಕಿಸಿದ ಮೂರು ಫೇಜ್‌ಗಳನ್ನು ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾನಿಲಯದ ಸಂಶೋಧಕರು ಒಟ್ಟುಗೂಡಿಸಿ ಇಲಿ ಮತ್ತು ಮೊಲದ ಮರಿಗಳಿಗೆ ಕೊಟ್ಟರು. ಒಂದರಿಂದ ತಪ್ಪಿಸಿಕೊಂಡ ಬ್ಯಾಕ್ಟೀರಿಯಾ ಇನ್ನೊಂದಕ್ಕೆ ಸಿಕ್ಕಬೇಕೆಂಬ ಉಪಾಯವದು. ಸೋಂಕಿಗೆ 24 ಗಂಟೆ ಮುಂಚೆ ಕೊಟ್ಟರೂ ಅದು ಕೆಲಸ ಮಾಡಿತೆಂದು 2017ರಲ್ಲಿ ಪ್ರಕಟಿಸಿದರು. ರೋಗಿಯ ಮನೆಯವರಿಗೆ ಕೊಡುವುದು ಅವರ ಗುರಿ. ಅತ್ತ ರಕ್ತದ ಕ್ಯಾನ್ಸರ್‌ನ ಚಿಕಿತ್ಸೆಯಿಂದ ನಿರೋಧಶಕ್ತಿ ಕಳೆದುಕೊಂಡವರ ಕರುಳಿನಿಂದ ಇ. ಕೋಲಿ ಬ್ಯಾಕ್ಟೀರಿಯಾ ರಕ್ತಕ್ಕಿಳಿಯದಂತೆ ಮುಂಚಿತವಾಗಿಯೇ ಫೇಜ್ ಕೊಡುವ ಪ್ರಯತ್ನವನ್ನು ಡೆನ್ಮಾರ್ಕಿನ ಕಂಪೆನಿಯೊಂದು ಆರಂಭಿಸಿದೆ. ಅವರಿಗೆ ತಡೆಗಾಗಿ ಕೊಡುವ ಆ್ಯಂಟಿಬಯೋಟಿಕ್‌ಗಳಿಗೆ ರೋಗಾಣುಗಳು ಈಗ ಬಗ್ಗುತ್ತಿಲ್ಲ.

ಢಾಕಾದಿಂದ ಹಬಿಗಂಜ್ ದೂರವೇನಲ್ಲ. ತೊಂಬತ್ತು ವರ್ಷಗಳ ಹಿಂದೆ ಮಾರಿಸನ್ ಊರ ಮುಖ್ಯಸ್ಥನ ಮನೆಯಲ್ಲಿ ಸೀಸೆ ಇರಿಸಿದ್ದೂ ಇದೇ ಗುರಿಗಾಗಿ.