ಖಾಶಾಬಾ ಜಾಧವರ ಮೊಣಕಾಲು

ಸ್ವತಂತ್ರ ಭಾರತಕ್ಕೆ ಒಲಿಂಪಿಕ್ಸ್‌ನಲ್ಲಿ ಮೊದಲ ವೈಯಕ್ತಿಕ ಪದಕ ತಂದವರು ಯಾರು ಎಂದು ಸಾಮಾನ್ಯ ಜ್ಞಾನದ ಪರೀಕ್ಷೆಯಲ್ಲಿ ಕೇಳಿದರೆ ನಮ್ಮ ಮಕ್ಕಳು ಖಾಶಾಬಾ ದಾದಾಸಾಹೇಬ ಜಾಧವ ಎಂದು ಥಟ್ಟನೆ ಹೇಳುತ್ತಾರೆ. 1952, ಹೆಲ್ಸಿಂಕಿ, ಕಂಚು. ಅಷ್ಟಕ್ಕೆ ಒಂದು ಅಂಕ ಸಿಗುತ್ತದೆ. ಅದರ ನಂತರ 1956ರ ಮೆಲ್ಬರ್ನ್ ಒಲಿಂಪಿಕ್ಸ್‌ಗೆ ಅವರು ಯಾಕೆ ಹೋಗಲಿಲ್ಲ ಎಂದು ಯಾರೂ ಕೇಳುವುದಿಲ್ಲ. ಉತ್ತರ ಚಿಕ್ಕದು: ಮೊಣಕಾಲು. ಸಿದ್ಧತೆ ನಡೆಸಿದ್ದಾಗಲೇ ಮೊಣಕಾಲಿಗೆ ಬಿದ್ದ ಪೆಟ್ಟು ಅವರ ಕುಸ್ತಿ ಜೀವನವನ್ನು ಮುಗಿಸಿತು.

ಜಾಧವರು ಹುಟ್ಟಿದ್ದು 1926ರಲ್ಲಿ, ಕರಾಡ ಹತ್ತಿರದ ಗೋಳೇಶ್ವರದಲ್ಲಿ. ಆದರೆ ಅವರನ್ನು ಬೆಳೆಸಿದ್ದು ಕೊಲ್ಲಾಪುರ. ನಮ್ಮ ದಾನೋಳಿಯಂಥ ಊರಿನವರಿಗೆ ಕೊಲ್ಲಾಪುರವೆಂದರೆ ಅಂಬಾಬಾಯಿ, ಚಪ್ಪಲಿ, ಬೆಲ್ಲ, ಆಮೇಲೆ ಕುಸ್ತಿ. ಈ ಕುಸ್ತಿಗೆ ಅರಮನೆಯ ಆಸರೆ ಕೊಟ್ಟವರು 1894ರಿಂದ 1922ರವರೆಗೆ ಆಳಿದ ರಾಜರ್ಷಿ ಶಾಹೂ ಮಹಾರಾಜರು. ರೋಮಿನ ಹಳೆಯ ಬಯಲು ಕ್ರೀಡಾಂಗಣವನ್ನು ನೋಡಿ ಬಂದು ಅದೇ ಮಾದರಿಯಲ್ಲಿ ಖಾಸಬಾಗ ಮೈದಾನ ಕಟ್ಟಿಸಿದರು. 1912ರಲ್ಲಿ ಅದು ಸಿದ್ಧವಾಯಿತು. ಎಲ್ಲಿ ಕುಳಿತರೂ ನಡುವಿನ ಕೆಂಪು ಮಣ್ಣಿನ ಕಣ ಕಾಣುತ್ತದೆ.

ಆ ಮಣ್ಣಿನ ವಿಷಯ ಸ್ವಲ್ಪ ಹೇಳಬೇಕು. ತಾಲೀಮಿನ ಮಣ್ಣಿಗೆ ಅರಿಶಿಣ, ಎಣ್ಣೆ, ಮಜ್ಜಿಗೆ ಹಾಕಿ ಹದ ಮಾಡುತ್ತಾರೆ. ಪೈಲ್ವಾನರು ಕಣವನ್ನು ತಾವೇ ಅಗೆದು, ಹೆಂಟೆ ಒಡೆದು, ಸಮ ಮಾಡಿ ನಂತರ ಜೋಡಿ ಹಿಡಿಯುತ್ತಾರೆ. ನೋಡುವವರಿಗೆ ಇದು ಕೂಲಿ ಕೆಲಸದಂತೆ ಕಾಣಬಹುದು. ಆದರೆ ಬೆನ್ನು, ಸೊಂಟ, ತೊಡೆ, ಮೀನಖಂಡ ಎಲ್ಲವೂ ಬೆಚ್ಚಗಾಗುವುದು ಆ ಅಗೆತದಲ್ಲೇ! ಇಂದು ನಾವು ‘ವಾರ್ಮ್ ಅಪ್’ ಎಂದು ಪುಸ್ತಕದಿಂದ ಕಲಿಸುವುದನ್ನು ಗರಡಿಯ ವಸ್ತಾದರು ಗುದ್ದಲಿ ಕೊಟ್ಟು ಕಲಿಸಿದ್ದರು. ದಂಡ, ಬಸ್ಕಿಗಳಂತೂ ಇದ್ದೇ ಇದ್ದವು.

ಇಂಥ ಮಣ್ಣಿನಲ್ಲಿ ಪಳಗಿದ ಜಾಧವರು 1948ರಲ್ಲಿ ಕೊಲ್ಲಾಪುರದ ಮಹಾರಾಜರ ನೆರವಿನಿಂದ ಲಂಡನ್ ಒಲಿಂಪಿಕ್ಸ್‌ಗೆ ಹೋದರು. ಅಲ್ಲಿ ಮಣ್ಣಿಲ್ಲ, ಗಾದಿ! ಬರಿಗಾಲಲ್ಲಿ ಮಣ್ಣಿನ ಮೇಲೆ ಆಡಿದವನಿಗೆ ಬೂಟು ಹಾಕಿ ಗಾದಿಯ ಮೇಲೆ ನಿಲ್ಲುವುದೇ ಒಂದು ಹೊಸ ಪಾಠ. ಆದರೂ ಫ್ಲೈವೇಟ್ ವಿಭಾಗದಲ್ಲಿ ಆರನೆಯವರಾದರು. 1952ಕ್ಕೆ ಹಣದ ಅಡಚಣೆ ಬಂದಾಗ ರಾಜಾರಾಮ ಕಾಲೇಜಿನ ಪ್ರಾಚಾರ್ಯ ಖರ್ಡೇಕರರು ತಮ್ಮ ಮನೆ ಒತ್ತೆಯಿಟ್ಟು 7000 ರೂಪಾಯಿ ಕೊಟ್ಟರು. ಮಾಸ್ತರರೇ, ಇದನ್ನು ಎರಡು ಸಲ ಓದಿ! ಕಂಚು ಗೆದ್ದು ಬಂದ ಮೇಲೆ ಕರಾಡ ಸ್ಟೇಷನ್ನಿನಿಂದ 151 ಎತ್ತಿನ ಬಂಡಿಗಳ ಮೆರವಣಿಗೆ ನಡೆಯಿತು. ಖಾಶಾಬಾ ಕುಸ್ತಿ ಪಂದ್ಯ ಏರ್ಪಡಿಸಿ ಬಂದ ಹಣದಿಂದ ಗುರುಗಳ ಸಾಲ ತೀರಿಸಿದರು.

1955ರಲ್ಲಿ ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಆದರು. ಆ ನಂತರ ಬಂದದ್ದೇ ಮೊಣಕಾಲಿನ ಗಾಯ.

ಮೊಣಕಾಲು ಬಾಗಿಲ ತಿರುಗಣಿಯಂತೆ. ಹಿಂದೆ ಮುಂದೆ ಮಡಚಲು ಮಾಡಿದ್ದು, ತಿರುಚಲು ಅಲ್ಲ. ತೊಡೆಯೆಲುಬನ್ನೂ ಕೆಳಗಿನ ಎಲುಬನ್ನೂ ನಾಲ್ಕು ಮುಖ್ಯ ಅಸ್ಥಿರಜ್ಜುಗಳು ಬಿಗಿದಿವೆ, ನಡುವೆ ಅರ್ಧಚಂದ್ರಾಕಾರದ ಎರಡು ಮೆತ್ತೆಗಳಿವೆ. ಪಾದ ನೆಲಕ್ಕೆ ಊರಿದ್ದು ಮೈ ಮಾತ್ರ ತಿರುಗಿದರೆ ಈ ರಜ್ಜು ಹರಿಯಬಹುದು, ಮೆತ್ತೆ ಸೀಳಬಹುದು. ಕುಸ್ತಿಯಲ್ಲಿ ಇದು ಆಗುವುದು ಸುಲಭ. ಕಬಡ್ಡಿಯಲ್ಲಿ ಇನ್ನೂ ಸುಲಭ: ದಾಳಿಗೆ ಹೋದ ಹುಡುಗನ ಒಂದು ಕಾಲನ್ನು ಇಬ್ಬರು ಹಿಡಿದಿರುತ್ತಾರೆ, ಅವನು ಗೆರೆಯ ಕಡೆಗೆ ತಿರುಗಿ ಜಿಗಿಯುತ್ತಾನೆ.

ಆ ಕಾಲದಲ್ಲಿ ಇದಕ್ಕೆ ಏನಿತ್ತು? ಟೋಕಿಯೋದಲ್ಲಿ ಕೆಂಜಿ ತಾಕಾಗಿ ಎಂಬ ವೈದ್ಯರು 1918ರಲ್ಲೇ ಮೃತದೇಹದ ಮೊಣಕಾಲಿನೊಳಗೆ ಕೊಳವೆ ಹಾಕಿ ನೋಡಿದ್ದರು. ಅವರ ಶಿಷ್ಯ ಮಸಾಕಿ ವಾತಾನಬೆ ಅದೇ ಕೊಳವೆಯ ದಾರಿಯಿಂದ ಹರಿದ ಮೆತ್ತೆಯ ಚೂರನ್ನು ಕತ್ತರಿಸಿದ್ದು 1962ರಲ್ಲಿ. ಮೆಲ್ಬರ್ನ್ ಮುಗಿದು ಆರು ವರ್ಷಗಳ ನಂತರ! ಒಳಗಿನ ರಜ್ಜು ತೋರಿಸುವ ಎಂಆರ್‌ಐ ಬಂದದ್ದು ಅದಕ್ಕೂ ಎಷ್ಟೋ ವರ್ಷಕ್ಕೆ. 2016ರ ರಿಯೋದಲ್ಲಿ ವಿನೇಶ್ ಫೋಗಾಟ್ ಮೊಣಕಾಲು ಹಿಡಿದು ಅತ್ತದ್ದನ್ನು ನಾವೆಲ್ಲ ಟಿವಿಯಲ್ಲಿ ಕಂಡೆವು. ಶಸ್ತ್ರಚಿಕಿತ್ಸೆಯಾಯಿತು, ತಿಂಗಳುಗಟ್ಟಲೆ ವ್ಯಾಯಾಮವಾಯಿತು, 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಬಂತು. ಖಾಶಾಬಾರಿಗೆ ಆ ಎರಡನೆಯ ಅವಕಾಶ ಸಿಗಲಿಲ್ಲ. 1984ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅರ್ಜುನ ಪ್ರಶಸ್ತಿ ಬಂದದ್ದು ಅದರ ಎಷ್ಟೋ ವರ್ಷಗಳ ನಂತರ.

ಈಗ ನಮ್ಮ ಶಾಲೆಗಳಿಗೆ ಬರೋಣ. ತಾಲೂಕು ಪಂದ್ಯದ ಹಿಂದಿನ ದಿನ ಹುಡುಗಿಯ ಕಾಲು ಉಳುಕುತ್ತದೆ, ಮರಾಠಿಯಲ್ಲಿ ‘ಪಾಯ ಮುರಗಳಲಾ’ ಎನ್ನುತ್ತಾರೆ. ಕೂಡಲೇ ಯಾರೋ ಎಣ್ಣೆ ಹಚ್ಚಿ ಜೋರಾಗಿ ನೀವುತ್ತಾರೆ, ಬಿಸಿ ಇಟ್ಟಿಗೆಯಿಂದ ಶಾಖ ಕೊಡುತ್ತಾರೆ. ಮೊದಲ ಎರಡು ಮೂರು ದಿನ ಈ ಎರಡೂ ಬೇಡ, ಒಳಗಿನ ಊತ ಹೆಚ್ಚುತ್ತದೆ. ವಿಶ್ರಾಂತಿ, ಮಂಜುಗಡ್ಡೆ, ಬಿಗಿಪಟ್ಟಿ, ಕಾಲು ಎತ್ತರಿಸುವುದು ಎಂಬ ನಾಲ್ಕು ಸೂತ್ರಗಳನ್ನು 1978ರಲ್ಲಿ ಅಮೆರಿಕದ ಡಾಕ್ಟರ್ ಗೇಬ್ ಮರ್ಕಿನ್ ಬರೆದರು. ಮಂಜುಗಡ್ಡೆ ಗಾಯ ಮಾಯುವುದನ್ನು ತಡಮಾಡಬಹುದೆಂದು ನಂತರ ಅವರೇ ಹೇಳಿದರು. ನೋವು ತಗ್ಗಿಸಲು ಬಟ್ಟೆಯಲ್ಲಿ ಸುತ್ತಿ ಸ್ವಲ್ಪ ಹೊತ್ತು ಇಟ್ಟರೆ ಸಾಕು. ಬಹಳ ದಿನ ಮಲಗಿಸುವುದೂ ತಪ್ಪು, ನೋವು ಹೆಚ್ಚದಷ್ಟು ಕಾಲು ಆಡಿಸಬೇಕು.

ಆಸ್ಪತ್ರೆಗೆ ಯಾವಾಗ? ಕೆನಡಾದ ವೈದ್ಯರು 1992ರಲ್ಲಿ ಒಂದು ಸರಳ ಪರೀಕ್ಷೆ ಕೊಟ್ಟರು. ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಇಲ್ಲವೇ ಹರಡಿನ ಎಲುಬಿನ ತುದಿ ಒತ್ತಿದಾಗ ನೋವಾದರೆ ಎಕ್ಸ್‌ರೇ ಬೇಕು. ಮೊಣಕಾಲಿನಲ್ಲಿ ‘ಟಪ್’ ಎಂದು ಸದ್ದಾಗಿ ಕೆಲವೇ ತಾಸಿನಲ್ಲಿ ಊದಿದರೆ, ನಡೆಯುವಾಗ ಕಾಲು ಕೈಕೊಟ್ಟಂತಾದರೆ, ನಾಟಿ ವೈದ್ಯರ ಮನೆಗಲ್ಲ, ಎಲುಬಿನ ಡಾಕ್ಟರರ ಬಳಿಗೆ ಕರೆದೊಯ್ಯಿರಿ.

ಏಳನೇ ಎಂಟನೇ ತರಗತಿಯ ಮಕ್ಕಳ ಮೊಣಚಿಪ್ಪಿನ ಕೆಳಗೆ ನೋಯುವ ಗಂಟು ಕಂಡರೆ ಬಹುತೇಕ ಅದು ಬೆಳೆಯುವ ಎಲುಬಿನ ತೊಂದರೆ. 1903ರಲ್ಲಿ ಬೋಸ್ಟನ್ನಿನ ಆಸ್‌ಗುಡ್, ಜೂರಿಕ್‌ನ ಶ್ಲಾಟರ್ ಬೇರೆ ಬೇರೆಯಾಗಿ ಇದನ್ನು ವಿವರಿಸಿದರು. ಓಟ, ಜಿಗಿತ ಕಡಿಮೆ ಮಾಡಿದರೆ ಸಾಮಾನ್ಯವಾಗಿ ತಾನಾಗಿ ಕಡಿಮೆಯಾಗುತ್ತದೆ. ಅಂಥ ಮಗುವನ್ನು ‘ಆಲಸಿ’ ಎಂದು ಬೈದು ಓಡಿಸಬೇಡಿ.

ತಡೆಯುವ ಉಪಾಯಕ್ಕೆ ದುಡ್ಡು ಬೇಡ. ನಾರ್ವೆಯಲ್ಲಿ ಫುಟ್‌ಬಾಲ್ ಆಡುವ 13ರಿಂದ 17 ವರ್ಷದ ಹುಡುಗಿಯರಿಗೆ ಆಟದ ಮುಂಚೆ ಇಪ್ಪತ್ತು ನಿಮಿಷ ನಿಧಾನ ಓಟ, ಬಸ್ಕಿ, ಒಂಟಿಕಾಲ ನಿಲುವು, ಮೊಣಕಾಲು ಒಳಗೆ ವಾಲದಂತೆ ಜಿಗಿದು ಇಳಿಯುವುದು ಇವನ್ನು ಮಾಡಿಸಿದರು. ಗಂಭೀರ ಗಾಯಗಳು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದವೆಂದು 2008ರಲ್ಲಿ ವರದಿ ಬಂತು. ಹುಡುಗಿಯರಲ್ಲಿ ಮೊಣಕಾಲಿನ ರಜ್ಜು ಹರಿಯುವುದು ಹುಡುಗರಿಗಿಂತ ಹೆಚ್ಚು, ಆದ್ದರಿಂದ ಖೋ ಖೋ ತಂಡಕ್ಕೆ ಇದನ್ನು ಮೊದಲು ಕಲಿಸಿ. ಉದ್ದಜಿಗಿತದ ಗುಂಡಿಯ ಮರಳನ್ನು ಪಂದ್ಯದ ದಿನ ಬೆಳಿಗ್ಗೆ ಜಿಗಿಯುವ ಮಕ್ಕಳ ಕೈಯಿಂದಲೇ ಅಗೆಸಿ ಸಡಿಲ ಮಾಡಿಸಿರಿ. ಇಳಿಯುವ ಜಾಗ ಮೆತ್ತಗಾಗುತ್ತದೆ, ಮಕ್ಕಳ ಮೈಯೂ ಬೆಚ್ಚಗಾಗುತ್ತದೆ.