ಹಳೇ ರಿಸೀವರ್ ನಿಜವಾಗಿ ಕೆಟ್ಟಿದೆಯಾ?

ಪುಣೆಯಲ್ಲೋ ಹೈದರಾಬಾದಿನಲ್ಲೋ ಬಾಡಿಗೆ ಮನೆ ಬದಲಾಯಿಸೋವಾಗ ಈ ಪ್ರಶ್ನೆ ಬಂದೇ ಬರುತ್ತೆ: ಹತ್ತು ಕೆಜಿ ತೂಗೋ ಹಳೇ ಹೋಮ್ ಥಿಯೇಟರ್ ರಿಸೀವರನ್ನ ಹೊತ್ಕೊಂಡು ಹೋಗೋದಾ, ಗುಜರಿಗೆ ಕೊಡೋದಾ? ಹೊಸ 4ಕೆ ಪ್ಲೇಯರ್ ಜೋಡಿಸಿದ್ರೆ ಪರದೆ ಕಪ್ಪು. "ಕೆಟ್ಟೋಯ್ತು" ಅಂತ ತೀರ್ಮಾನ ಮಾಡ್ತೀವಿ. ಎಷ್ಟೋ ಸಲ ಅದು ಕೆಟ್ಟಿರೋದಿಲ್ಲ, ಹೊರಗಿನವರು ಬೀಗ ಬದಲಾಯಿಸಿರ್ತಾರೆ. ಆ ಕಥೆ ಗೊತ್ತಿದ್ರೆ ದುಡ್ಡು ಉಳಿಯುತ್ತೆ.

ರಿಸೀವರ್ ಅಂದ್ರೆ ಒಂದೇ ಪೆಟ್ಟಿಗೆಯಲ್ಲಿ ಎರಡು ಯಂತ್ರ. ಒಂದು, ಸ್ಪೀಕರಿಗೆ ಶಕ್ತಿ ಕೊಡೋ ಆಂಪ್ಲಿಫೈಯರ್. ಇನ್ನೊಂದು, ಬಂದ ಸಿಗ್ನಲನ್ನು ಬಿಡಿಸಿ ಓದೋ ಭಾಗ. ಮೊದಲನೆಯದು ದಶಕಗಳಿಂದ ಹೆಚ್ಚೇನೂ ಬದಲಾಗಿಲ್ಲ. ಬದಲಾಗಿದ್ದೆಲ್ಲ ಎರಡನೆಯದೇ.

1982ರಲ್ಲಿ ಡಾಲ್ಬಿ ಸರೌಂಡ್ ಮನೆಗಳಿಗೆ ಬಂತು. ಹಿಂಬದಿಯ ಸದ್ದನ್ನು ಮಾಮೂಲಿ ಸ್ಟೀರಿಯೋ ಒಳಗೇ ಅಡಗಿಸಿ ಕಳಿಸ್ತಿದ್ರು. ಕೆಂಪು-ಬಿಳಿ ವೈರೇ ಸಾಕಿತ್ತು. 1987ರ ಪ್ರೊ ಲಾಜಿಕ್ ಮಾತುಗಳಿಗೆ ನಡುವಿನ ಸ್ಪೀಕರ್ ಕೊಟ್ಟಿತು. 1997ರಲ್ಲಿ ಅಮೆರಿಕದ ಮಾರುಕಟ್ಟೆಗೆ ಡಿವಿಡಿ ಬಂದ ಮೇಲೆ 5.1 ಸದ್ದು ಮನೆಮಾತಾಯಿತು. ಅದನ್ನು ಸಾಗಿಸಿದ್ದು 1983ರಲ್ಲೇ ತೋಷಿಬಾ ತಂದಿದ್ದ ಆಪ್ಟಿಕಲ್ ಕೇಬಲ್.

ಅಲ್ಲಿವರೆಗೆ ವೈರ್ ಚುಚ್ಚಿದ್ರೆ ಸದ್ದು ಬರ್ತಿತ್ತು, ಅನುಮತಿ ಕೇಳೋರಿರಲಿಲ್ಲ. ಆದ್ರೆ 1999ರಲ್ಲಿ ಡಿವಿಡಿಯ ಬೀಗ ಒಡೆದುಹೋಯಿತು. ಹಾಲಿವುಡ್‌ಗೆ ನಕಲಿನ ಭಯ ಹೆಚ್ಚಿತು. 2002ರ ಡಿಸೆಂಬರಿನಲ್ಲಿ ಏಳು ಕಂಪನಿಗಳು ಸೇರಿ ಎಚ್‌ಡಿಎಂಐ ತಂದಾಗ, ಇಂಟೆಲ್ ರೂಪಿಸಿದ್ದ ಎಚ್‌ಡಿಸಿಪಿ ಅನ್ನೋ ಬೀಗವೂ ಅದರ ಜೊತೆ ಬಂತು. ಪ್ಲೇಯರ್, ರಿಸೀವರ್, ಟಿವಿ ಮೂರೂ ಒಂದನ್ನೊಂದು ಒಪ್ಪಿದ್ರೆ ಮಾತ್ರ ಚಿತ್ರ. 4ಕೆಗೆ ಅಂತ 2013ರ ಹೊತ್ತಿಗೆ ಎಚ್‌ಡಿಸಿಪಿ 2.2 ಬಂದಾಗ, 2010ರ ರಿಸೀವರಿನ ಕೈಯಲ್ಲಿ ಹಳೇ ಕೀಲಿಯಷ್ಟೇ ಉಳಿಯಿತು.

ಹಾಗಾಗಿ ಪರೀಕ್ಷೆಯನ್ನು ಈ ಕ್ರಮದಲ್ಲಿ ಮಾಡಿ. ಆನ್‌ಸೈಟ್‌ನಿಂದ ತಂದ ಪೆಟ್ಟಿಗೆಯಾದ್ರೆ ಮೊದಲು ಹಿಂಬದಿ ಓದಿ: ಅಮೆರಿಕದ್ದು 120 ವೋಲ್ಟ್, ನಮ್ಮದು 230. ಅದಕ್ಕೆ ತಕ್ಕ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಚುಚ್ಚಲೇಬೇಡಿ.

ಆನ್ ಆಗಿ ತಕ್ಷಣ "ಪ್ರೊಟೆಕ್ಟ್" ಅಂತ ಆರಿಹೋಗ್ತಿದ್ರೆ ಪ್ಲಗ್ ತೆಗೆದು, ಸ್ಪೀಕರ್ ವೈರುಗಳನ್ನೆಲ್ಲ ಬಿಚ್ಚಿ ಮತ್ತೆ ಹಾಕಿ ನೋಡಿ. ಈಗ ನಿಂತ್ರೆ, ಎಲ್ಲೋ ತಾಮ್ರದ ಎಳೆಯೊಂದು ಪಕ್ಕದ್ದಕ್ಕೆ ತಾಗಿರಬಹುದು, ಇಲ್ಲಾ ಒಂದು ಸ್ಪೀಕರ್ ಕೆಟ್ಟಿರಬಹುದು. ಆಗಲೂ ಆರಿದ್ರೆ ದೋಷ ಒಳಗಿದೆ. ಮುಚ್ಚಳ ನೀವು ತೆಗೀಬೇಡಿ, ಕೆಪ್ಯಾಸಿಟರ್‌ಗಳಲ್ಲಿ ಕರೆಂಟ್ ಉಳಿದಿರುತ್ತೆ. ರಿಪೇರಿಯವರಿಗೆ ತೋರಿಸಿ.

ಆನ್ ಆಗಿಯೇ ಇದ್ದು ಚಿತ್ರ ಮಾತ್ರ ಇಲ್ವಾ? ಪ್ಲೇಯರನ್ನ ನೇರ ಟಿವಿಗೆ ಜೋಡಿಸಿ, ಟಿವಿಯಿಂದ ರಿಸೀವರಿಗೆ ಆಪ್ಟಿಕಲ್ ಕೇಬಲ್ ಎಳೆಯಿರಿ. ಟಿವಿಯ ಆಡಿಯೋ ಸೆಟ್ಟಿಂಗಿನಲ್ಲಿ ಡಾಲ್ಬಿ ಡಿಜಿಟಲ್ ಆರಿಸಿದ್ರೆ ಬಹುತೇಕ ಟಿವಿಗಳಲ್ಲಿ 5.1 ಮತ್ತೆ ಬರುತ್ತೆ. ಖರ್ಚು ಒಂದು ಕೇಬಲಿನದ್ದು ಅಷ್ಟೇ.

ಹಾಗಾದ್ರೆ ಹೊಸದು ಯಾವಾಗ? ತಲೆಮೇಲಿನ ಸದ್ದು ಕೊಡೋ ಆಟ್ಮೋಸ್ ಬೇಕಿದ್ರೆ, ಇಲ್ಲಾ ಆಂಪ್ಲಿಫೈಯರೇ ಸುಟ್ಟಿದ್ರೆ. ಕೊಳ್ಳೋವಾಗ ಎಚ್‌ಡಿಎಂಐ 2.1 ಮತ್ತು ಇ-ಆರ್ಕ್ ಇದೆಯಾ ನೋಡಿ. ಹಳೇ ಸ್ಪೀಕರ್‌ಗಳನ್ನು ಮಾತ್ರ ಎಸೀಬೇಡಿ, ಅವಕ್ಕೆ ಯಾವ ಬೀಗವೂ ಇಲ್ಲ. ಮುಂದಿನ ಮಾತಿನಲ್ಲಿ ಸಿಗೋಣ.