ತೂಕವೂ ಒರೆಯೂ

ಚಿನ್ನದ ಗಣಿಯ ಊರಾದ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿ ಒಂದೇ ಬೀದಿಗೆ ಮೂರು ಮನೆಮಾತು ಇರುವುದು ಸಾಮಾನ್ಯ. ತಮಿಳು ಮನೆಯಲ್ಲಿ ‘ತೂಕ್ಕಂ’ ಎಂದರೆ ನಿದ್ದೆ. ಪಕ್ಕದ ತೆಲುಗು ಮನೆಯಲ್ಲಿ ‘ತೂಕಂ’ ಎಂದರೆ ಭಾರ, ಎದುರಿನ ಕನ್ನಡದ ಮನೆಯಲ್ಲಿ ‘ತೂಕ’ವೂ ಅದೇ. ಭಾರಕ್ಕೆ ತಮಿಳರು ಹೇಳುವುದು ‘ಎಡೈ’. ನಿದ್ದೆಗೂ ಭಾರಕ್ಕೂ ಎಲ್ಲಿಯ ನಂಟು? ಕೇಳಿದವರಿಗೆ ಕನ್ನಡದಲ್ಲೇ ಸುಳಿವು ಸಿಗುತ್ತದೆ: ತೂಕಡಿಕೆ.

ಎಲ್ಲಕ್ಕೂ ಬೇರು ‘ತೂಗು’. ನೇತಾಡುವುದು, ಓಲಾಡುವುದು ಅದರ ಮೊದಲ ಅರ್ಥ. ತೊಟ್ಟಿಲು ತೂಗುತ್ತೇವೆ, ಉಯ್ಯಾಲೆ ತೂಗುತ್ತೇವೆ. ಕೂತಲ್ಲೇ ನಿದ್ದೆ ಹತ್ತಿದವನ ತಲೆ ತೂಗುತ್ತದೆ. ಹಳೆಯ ತಕ್ಕಡಿಯನ್ನು ನೆನಪು ಮಾಡಿಕೊಳ್ಳಿ. ದಾರದಲ್ಲಿ ಎತ್ತಿ ಹಿಡಿದ ಕೋಲು, ಅದಕ್ಕೆ ನೇತುಬಿದ್ದ ಎರಡು ತಟ್ಟೆ. ಅವು ಓಲಾಡಿ, ಓಲಾಡಿ ನಿಲ್ಲುವ ತನಕ ಅಂಗಡಿಯವನೂ ಗಿರಾಕಿಯೂ ಕಾಯಬೇಕು. ಹಾಗೆ ತೂಗಿ ಬಂದದ್ದು ತೂಕ. ಬರೋ ಮತ್ತು ಎಮೆನೋ ಅವರ ದ್ರಾವಿಡ ನಿಷ್ಪತ್ತಿ ಕೋಶವೂ ಕನ್ನಡ, ತಮಿಳು, ತೆಲುಗು, ತುಳುಗಳ ಈ ರೂಪಗಳನ್ನೆಲ್ಲ ಒಂದೇ ಬೇರಿನ ಕೆಳಗೆ ಇಟ್ಟಿದೆ. ಅಂಗನವಾಡಿಗಳಲ್ಲಿ ಕೂಸನ್ನು ಜೋಳಿಗೆಯಲ್ಲಿ ಕೂರಿಸಿ ಸ್ಪ್ರಿಂಗ್ ತಕ್ಕಡಿಗೆ ನೇತುಹಾಕುವುದನ್ನು ಕಂಡವರಿಗೆ ತೊಟ್ಟಿಲ ತೂಗೂ ತಕ್ಕಡಿಯ ತೂಗೂ ಒಟ್ಟಿಗೆ ಕಾಣುತ್ತವೆ.

ಮನುಷ್ಯರ ವಿಷಯದಲ್ಲಿ ‘ತೂಕ’ ಮೊದಲು ಹೊಗಳಿಕೆಯಾಗಿತ್ತು. ತೂಕದ ಮನುಷ್ಯ, ತೂಕದ ಮಾತು. ಮೈಯ ಬಗ್ಗೆ ಹೇಳಲು ಬೇರೆ ನುಡಿಗಳೇ ಇದ್ದವು: ಹುಡುಗಿ ಮೈಕೈ ತುಂಬಿಕೊಂಡಿದ್ದಾಳೆ, ಹುಡುಗ ಸೊರಗಿದ್ದಾನೆ, ಇಳಿದುಹೋಗಿದ್ದಾನೆ. ಇಳಿಯುವುದು ಕೆಡುಕಿನ ಸೂಚನೆ. ಕಲ್ಲಿನ ದೂಳು ಶ್ವಾಸಕೋಶಕ್ಕೆ ಇಳಿದು ಸಿಲಿಕೋಸಿಸ್ ತರುತ್ತಿದ್ದ, ಬೆನ್ನಿಗೇ ಕ್ಷಯ ಹತ್ತುತ್ತಿದ್ದ ಗಣಿಯೂರಿನಲ್ಲಿ ಮೈ ಇಳಿಯಿತೆಂದರೆ ಮನೆಮಂದಿಯ ಎದೆ ನಡುಗಬೇಕಾದದ್ದೇ. ‘ತೂಕ ಇಳಿಸಬೇಕು’ ಎಂಬುದು ಒಂದು ಸಾಧನೆಯ ಮಾತಾಗಿದ್ದು ತೀರ ಈಚೆಗೆ. ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಗಣಿ ಕಾರ್ಮಿಕರ ಮೊಮ್ಮಕ್ಕಳು ಮಾರಿಕುಪ್ಪಂನಿಂದಲೋ ಬಂಗಾರಪೇಟೆಯಿಂದಲೋ ನಸುಕಿನ ರೈಲು ಹಿಡಿದು ಬೆಂಗಳೂರಿಗೆ ಹೋಗುತ್ತಾರೆ, ಹಲವರು ದಿನವಿಡೀ ಕುರ್ಚಿಯಲ್ಲಿ ಕೂತು ದುಡಿಯುತ್ತಾರೆ, ಬರುವಾಗ ಬೋಗಿಯಲ್ಲಿ ತೂಕಡಿಸುತ್ತಾರೆ. ಮೈಯ ಲೆಕ್ಕ ಬದಲಾಗದೆ ಏನು ಮಾಡೀತು?

ಈ ಗಣಿಯೂರಿಗೆ ತೂಕದ ಒಂದು ಗುಟ್ಟು ಗೊತ್ತಿತ್ತು. ಅಕ್ಕಸಾಲಿ ಗುಲಗಂಜಿ ಇಟ್ಟು ತೂಗಿದರೂ ತೊಲದ ಬಟ್ಟು ಇಟ್ಟು ತೂಗಿದರೂ ಅಷ್ಟಕ್ಕೇ ಬೆಲೆ ಕಟ್ಟುವುದಿಲ್ಲ. ಒಡವೆಯನ್ನು ಒರೆಗಲ್ಲಿಗೆ ಉಜ್ಜುತ್ತಾನೆ. ತೊಲ ಎಂದರೆ 11.66 ಗ್ರಾಂ. ಅದರಲ್ಲಿ ಚಿನ್ನ ಎಷ್ಟು, ತಾಮ್ರ ಎಷ್ಟು ಎಂದು ತಕ್ಕಡಿ ಹೇಳಲಾರದು. 1880ರಲ್ಲಿ ಜಾನ್ ಟೇಲರ್ ಕಂಪನಿ ಕಾಲಿಟ್ಟ ಮೇಲೆ ನಡೆದ ಗಣಿ ಕೆಲಸದ ಜೀವಾಳವೂ ಇದೇ. ಟನ್ನುಗಟ್ಟಲೆ ಬೆಣಚುಕಲ್ಲು ಮೇಲೆ ಬರುತ್ತಿತ್ತು. ಟನ್ನಿಗೆ ಸಿಗುತ್ತಿದ್ದುದು ಗ್ರಾಂಗಳ ಲೆಕ್ಕದ ಚಿನ್ನ. ಎಷ್ಟೆಂದು ತಿಳಿಯಲು ಕಲ್ಲಿನ ಮಾದರಿಯನ್ನು ಪುಡಿ ಮಾಡಿ, ಸೀಸದ ಪುಡಿಯೊಡನೆ ಕರಗಿಸಿ, ಮೂಳೆಬೂದಿಯ ಬಟ್ಟಲಲ್ಲಿ ಸೀಸವನ್ನು ಇಂಗಿಸಿ, ಉಳಿದ ಗುಂಡನ್ನು ತೂಗಬೇಕು. ಕಲ್ಲಿನ ಒಟ್ಟು ತೂಕದ ಮೇಲೆ ಯಾರೂ ಗಣಿ ನಡೆಸಲಿಲ್ಲ.

ದೇಹದ ವಿಷಯದಲ್ಲಿ ಮಾತ್ರ ನಾವು ಇನ್ನೂ ಕಲ್ಲನ್ನೇ ತೂಗುತ್ತಿದ್ದೇವೆ ಎಂಬುದು ನನ್ನ ಕಳವಳ. ತೂಕದ ಕಿಲೋಗಳನ್ನು ಎತ್ತರದ ಮೀಟರುಗಳ ವರ್ಗದಿಂದ ಭಾಗಿಸುವ ಸೂತ್ರ ಬೆಲ್ಜಿಯಂನ ಕೆಟ್ಲೆ 1832ರ ಸುಮಾರಿಗೆ ಕಂಡುಕೊಂಡದ್ದು. ಆತ ಜನಸಮೂಹಗಳ ಸರಾಸರಿ ಹುಡುಕುತ್ತಿದ್ದವನು, ವೈದ್ಯನಲ್ಲ. ಅದಕ್ಕೆ ಬಿಎಂಐ ಎಂಬ ಹೆಸರು ಅಂಟಿದ್ದು 1972ರಲ್ಲಿ, ಅಮೆರಿಕದ ಆನ್ಸೆಲ್ ಕೀಸ್ ಅವರಿಂದ. 18.5ಕ್ಕಿಂತ ಕೆಳಗಾದರೆ ಕಡಿಮೆ ತೂಕ. 25 ದಾಟಿದರೆ ಹೆಚ್ಚು ಎಂಬುದು ಜಗತ್ತಿಗೆಲ್ಲ ಹಾಕಿದ ಗೆರೆ. 2009ರಲ್ಲಿ ನಮ್ಮ ತಜ್ಞರು ಭಾರತೀಯರಿಗೆ ಆ ಗೆರೆಯನ್ನು 23ಕ್ಕೆ ಇಳಿಸಿದರು, 25ಕ್ಕೇ ಬೊಜ್ಜು ಎಂದರು. 170 ಸೆಂಟಿಮೀಟರ್ ಎತ್ತರದ ಹುಡುಗನಿಗೆ 23 ಎಂದರೆ ಅರುವತ್ತಾರೂವರೆ ಕಿಲೋ.

ಇಳಿಸಿದ್ದೇಕೆ ಎಂಬುದಕ್ಕೆ ಒಂದು ಫೋಟೋ ಸಾಕು. 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯೂಡ್ಕಿನ್ ಒಟ್ಟಿಗೆ ನಿಂತು ತೆಗೆಸಿಕೊಂಡ ಚಿತ್ರ ಬಂತು. ಇಬ್ಬರ ಬಿಎಂಐ 22.3. ಆದರೆ ಯೂಡ್ಕಿನ್ನರ ಮೈಯಲ್ಲಿ ಕೊಬ್ಬು ನೂರಕ್ಕೆ 9.1 ಪಾಲು, ಯಾಜ್ಞಿಕರ ಮೈಯಲ್ಲಿ 21.2. ತಕ್ಕಡಿ ಇಬ್ಬರನ್ನೂ ಸಮ ಎಂದಿತ್ತು, ಒರೆಗಲ್ಲು ಬೇರೆಯೇ ಹೇಳಿತು. ತೆಳ್ಳಗೆ ಕಾಣುವ ನಮ್ಮ ಮೈಯಲ್ಲಿ ಸ್ನಾಯು ಕಡಿಮೆ, ಕೊಬ್ಬು ಹೆಚ್ಚು, ಅದೂ ಹೊಟ್ಟೆಯ ಸುತ್ತ.

ಇಂಥ ಮೈಯ, ಅದಕ್ಕೆ ಅಂಟುವ ಕಾಯಿಲೆಗಳ ಎಳೆ ತೊಟ್ಟಿಲ ತನಕ ಹೋಗುತ್ತದೆ, ಅದನ್ನು ತೋರಿಸಿದ್ದರಲ್ಲಿ ಮೈಸೂರಿನ ಪಾಲೂ ಇದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದಲೇ ಪ್ರತಿ ಕೂಸಿನ ಹುಟ್ಟುತೂಕ ಬರೆದಿಟ್ಟಿದ್ದರು. ಹಾಗೆ ಅಲ್ಲಿ ಹುಟ್ಟಿದವರಲ್ಲಿ 517 ಜನರನ್ನು ಅವರ ನಡುವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಿದ ಅಧ್ಯಯನ 1996ರಲ್ಲಿ ಪ್ರಕಟವಾಯಿತು. ಐದೂವರೆ ಪೌಂಡು ಅಥವಾ ಅದಕ್ಕೂ ಕಡಿಮೆ ಇದ್ದು ಹುಟ್ಟಿದವರಲ್ಲಿ ನೂರಕ್ಕೆ 11 ಜನರಿಗೆ ಹೃದಯದ ರಕ್ತನಾಳದ ಕಾಯಿಲೆ ಇತ್ತು. ಏಳು ಪೌಂಡಿಗಿಂತ ಹೆಚ್ಚಿದ್ದವರಲ್ಲಿ 3 ಜನರಿಗೆ. ತಾಯಂದಿರ ಹಸಿವು ಮಕ್ಕಳ ಎದೆಯಲ್ಲಿ ನಲವತ್ತು ವರ್ಷ ಕಳೆದು ಮಾತಾಡಿತ್ತು. ಆ ದಾಖಲೆ ಪುಸ್ತಕಗಳನ್ನು ದಶಕಗಟ್ಟಲೆ ಜೋಪಾನ ಮಾಡಿದವರಿಗೆ ನಾಡು ಋಣಿ.

ಹಾಗಾದರೆ ಇಪ್ಪತ್ತರ ಹರೆಯದವರ ಮೈಯನ್ನು ಒರೆಗೆ ಹಚ್ಚುವುದು ಹೇಗೆ? ದೊಡ್ಡ ಆಸ್ಪತ್ರೆಗಳಲ್ಲಿ ಡೆಕ್ಸಾ ಇದೆ, ಎರಡು ಬಗೆಯ ಎಕ್ಸ್‌ರೇ ಹಾಯಿಸಿ ಮೂಳೆ, ಕೊಬ್ಬು, ಉಳಿದದ್ದು ಎಂದು ಬಿಡಿಸುತ್ತದೆ. ತೋಳು, ಬೆನ್ನು, ಸೊಂಟದ ಬಳಿ ಚರ್ಮವನ್ನು ಚಿವುಟಿ ಹಿಡಿದು ಮಡಿಕೆಯ ದಪ್ಪ ಅಳೆಯುವ ಕ್ಯಾಲಿಪರ್ ಅಗ್ಗ, ಆದರೆ ಪಳಗಿದ ಕೈ ಬೇಕು. ಜಿಮ್ಮುಗಳಲ್ಲಿ ಬರಿಗಾಲಲ್ಲಿ ಹತ್ತಿ ನಿಂತರೆ ಕೊಬ್ಬಿನ ಶೇಕಡಾ ತೋರಿಸುವ ಯಂತ್ರ ಅರಿವಿಗೂ ಬಾರದಷ್ಟು ವಿದ್ಯುತ್ತನ್ನು ಮೈಯಲ್ಲಿ ಹಾಯಿಸುತ್ತದೆ. ಸ್ನಾಯುವಿನಲ್ಲಿ ಮುಕ್ಕಾಲು ಪಾಲು ನೀರು, ಕರೆಂಟು ಸಲೀಸಾಗಿ ಹರಿಯುತ್ತದೆ. ಕೊಬ್ಬು ಅದನ್ನು ತಡೆಯುತ್ತದೆ. ಹಾಗಾಗಿ ಬೆವರು ಸುರಿಸಿದ ಮೇಲೆ ಒಂದು ಅಂಕಿ, ಚೊಂಬು ನೀರು ಕುಡಿದ ಮೇಲೆ ಇನ್ನೊಂದು ಬರುವುದುಂಟು. ಇಂದಿನದಕ್ಕೂ ನಾಳೆಯದಕ್ಕೂ ನೂರಕ್ಕೆ ಅರ್ಧ ಪಾಲಿನ ವ್ಯತ್ಯಾಸ ಕಂಡು ಊಟ ಬಿಡುವ ಮಕ್ಕಳನ್ನು ನೋಡಿದರೆ ಸಂಕಟವಾಗುತ್ತದೆ. ಒಂದೇ ಯಂತ್ರದಲ್ಲಿ, ಬೆಳಗ್ಗೆ ಅದೇ ಹೊತ್ತಿಗೆ, ತಿಂಡಿಗೆ ಮುಂಚೆ, ತಿಂಗಳಿಗೊಮ್ಮೆ ನೋಡಿದರೆ ಧಾರಾಳವಾಯಿತು.

ಅದೂ ಕೈಗೆಟುಕದವರಿಗೆ ದರ್ಜಿಯ ಟೇಪು ಇದೆ. ‘ಅಳೆದು ತೂಗಿ’ ಎಂಬ ನಮ್ಮ ಜೋಡಿಮಾತಿನಲ್ಲಿ ಅಳತೆಗೇ ಮೊದಲ ಸ್ಥಾನ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಹೊಟ್ಟೆ ಒಳಗೆಳೆದುಕೊಳ್ಳದೆ, ಉಸಿರು ಬಿಟ್ಟು ಸುತ್ತಳತೆ ತೆಗೆಯಬೇಕು. ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಭಾರತೀಯರ ಮಿತಿ. ಎತ್ತರದ ಅರ್ಧದೊಳಗೆ ಇರಲಿ ಎಂಬುದು ಇನ್ನೂ ಸುಲಭದ ಲೆಕ್ಕ. ಅದರಂತೆ ಆ 170 ಸೆಂಟಿಮೀಟರ್ ಹುಡುಗನ ಸೊಂಟ 85ರ ಕೆಳಗಿರಬೇಕು, ತಕ್ಕಡಿ ಅರುವತ್ತೆಂದರೂ ಸರಿ, ಎಪ್ಪತ್ತೆಂದರೂ ಸರಿ.